ಶೂನ್ಯ ವರ್ಷದ ವೀರಗಲ್ಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. 1903ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅಲ್ಲಿ ಶಾಸನಗಳಿಗೆ ಸಂಖ್ಯೆ ಕೊಟ್ಟಿರುವುದು ತಾಲ್ಲೂಕುವಾರು: ಚಳ್ಳಕೆರೆಯವು ಬೇರೆ, ಮೊಳಕಾಲ್ಮೂರಿನವು ಬೇರೆ. ಕಾಲ ಗೊತ್ತಿಲ್ಲದ ಕಲ್ಲಿಗೂ ಅಲ್ಲಿ ಅದರ ಊರಿನ ಬಲದಿಂದಲೇ ಒಂದು ಜಾಗ ಸಿಗುತ್ತದೆ.

ಸಂಶೋಧನೆಗಾಗಿ ಈ ಎರಡು ತಾಲ್ಲೂಕಿನ ಶಾಸನಗಳನ್ನು ಒಂದು ಸಣ್ಣ ತಂತ್ರಾಂಶಕ್ಕೆ ಇಳಿಸುವಾಗ ಆ ಜಾಗದ ಬೆಲೆ ನನಗೆ ತಿಳಿಯಿತು. ಡಬ್ಲ್ಯುಎಕ್ಸ್‌ಪೈಥಾನ್‌ನಲ್ಲಿ ಪರದೆಯ ಮೇಲೆ ಪಟ್ಟಿ ತೋರಿಸಲು ಎರಡು ಮುಖ್ಯ ದಾರಿಗಳಿವೆ. ಲಿಸ್ಟ್‌ಕಂಟ್ರೋಲ್‌ನಲ್ಲಿ ಒಂದು ಸಾಲೆಂದರೆ ಒಂದು ಶಾಸನ. ಓದಲು, ಆರಿಸಲು, ಕ್ಲಿಕ್ಕಿಸಿ ತೆರೆಯಲು ಅದು ಸಾಕು. ಗ್ರಿಡ್‌ನಲ್ಲಿ ಪ್ರತಿ ಮನೆಯೂ ಸ್ವತಂತ್ರ; ಅಲ್ಲೇ ಕೂತು ತಿದ್ದಬಹುದು. ಓದುಗನಿಗೆ ಮೊದಲನೆಯದು, ಸಂಪಾದಕನಿಗೆ ಎರಡನೆಯದು.

ತೊಡಕು ಶುರುವಾಗುವುದು ವಿಂಗಡಿಸುವಾಗ. ಸಂಖ್ಯೆಯನ್ನು ಅಕ್ಷರವೆಂದು ಹೋಲಿಸಿದರೆ 2ಕ್ಕಿಂತ ಮೊದಲು 10 ಬರುತ್ತದೆ. ವಿಂಗಡಿಸಿದ ಮೇಲೆ ಸಾಲಿನ ಸ್ಥಾನ ಬದಲಾಗುತ್ತದೆ. ಸ್ಥಾನವನ್ನು ನಂಬಿದರೆ ಬೇರೆಯದೇ ಶಾಸನ ತೆರೆದುಕೊಳ್ಳುತ್ತದೆ. ಪ್ರತಿ ಸಾಲಿಗೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನು ಕಟ್ಟಿ, ಅದರಿಂದಲೇ ಶಾಸನವನ್ನು ಹುಡುಕಬೇಕು.

ಇವೆಲ್ಲ ಸುಲಭ. ಕಷ್ಟದ್ದು ‘ಕಾಲ’ ಎಂಬ ಅಂಕಣ. ಕ್ರಿಸ್ತಪೂರ್ವವನ್ನು ಋಣಸಂಖ್ಯೆಯಾಗಿ ಬರೆದು, ಖಾಲಿ ಮನೆಯನ್ನು ಸೊನ್ನೆ ಎಂದು ಎಣಿಸಿದರೆ, ತೇದಿಯಿಲ್ಲದ ಚಳ್ಳಕೆರೆಯ ವೀರಗಲ್ಲು ನೇರವಾಗಿ ಅಶೋಕನ ಹಿಂದೆಯೇ ಬಂದು ನಿಲ್ಲುತ್ತದೆ. ಕ್ರಿಸ್ತಶಕದ ಎಣಿಕೆಯಲ್ಲಿ ಸೊನ್ನೆಯ ವರ್ಷವೇ ಇಲ್ಲ. ಆದರೂ ಪರದೆಯ ಮೇಲೆ ಅದು ಇತಿಹಾಸದಂತೆಯೇ ಕಾಣುತ್ತದೆ.

ಹಾಗೆ ನೋಡಿದರೆ ಅಶೋಕನ ಮನೆಯೂ ಖಾಲಿಯೇ. ಬ್ರಹ್ಮಗಿರಿಯ ಬಂಡೆ ಲಿಪಿಕಾರ ಚಪಡನ ಹೆಸರು ಹೇಳುತ್ತದೆ. ಆಳ್ವಿಕೆಯ ಎಷ್ಟನೆಯ ವರ್ಷವೆಂದು ಹೇಳುವುದಿಲ್ಲ. ರಾಜ ಅಲ್ಲಿ ‘ದೇವಾನಾಂಪಿಯ’ ಮಾತ್ರ. ‘ಅಶೋಕ’ ಎಂಬ ಹೆಸರು ಕಂಡದ್ದು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿ. ಕ್ರಿಸ್ತಪೂರ್ವ 3ನೆಯ ಶತಮಾನ ಎಂಬುದು ವಿದ್ವಾಂಸರ ತೀರ್ಮಾನ. ಗಟ್ಟಿ ತೀರ್ಮಾನವೇ, ಆದರೆ ಬಂಡೆಯ ಮಾತಲ್ಲ.

ಆದ್ದರಿಂದ ನಾನೀಗ ಎರಡು ಅಂಕಣ ಇಟ್ಟಿದ್ದೇನೆ: ಕಲ್ಲು ಹೇಳಿದ್ದು, ನಾವು ಊಹಿಸಿದ್ದು. ಊಹೆಯಲ್ಲೂ ಒಂದೇ ವರ್ಷವಿಲ್ಲ. ‘ಇದಕ್ಕಿಂತ ಮೊದಲಲ್ಲ, ಇದರ ನಂತರವಲ್ಲ’ ಎಂಬ ಎರಡು ಅಂಚುಗಳಿವೆ. ಎರಡೂ ಗೊತ್ತಿಲ್ಲದ ಕಲ್ಲುಗಳು ಕಾಲಾನುಕ್ರಮಕ್ಕೆ ಸೇರದೆ, ಊರಿನ ಹೆಸರಿನಡಿ ಪ್ರತ್ಯೇಕ ಗುಂಪಾಗಿ ಕೂರುತ್ತವೆ.

ರೈಸರ ಸಂಪುಟದಲ್ಲಿ ಅವು ಮೊದಲಿನಿಂದಲೂ ಇದ್ದದ್ದು ಹಾಗೆಯೇ, ತಮ್ಮ ಊರಿನ ಹೆಸರಿನಡಿ. ಖಾಲಿ ಮನೆ ಕಂಡೊಡನೆ ತುಂಬಬೇಕೆನಿಸುವ ಆತುರ ಯಂತ್ರದ್ದಲ್ಲ, ನಮ್ಮದು.