ತಾತನ ತುಪಾಕಿ, ಅಜ್ಜಿಯ ಅರಿವೆ

ದಸರಾ ಹತ್ರ ಬಂತು. ಆಯುಧಪೂಜೆಗೆ ಈಳಿಗೆ, ಕುಡಗೋಲು, ಹೊಲಿಗೆ ಮಷಿನ್ನು ಎಲ್ಲ ಒಂದು ಕಡೆ ಜೋಡಿಸೋ ಹೊತ್ತಿಗೆ ನನಗೆ ನಮ್ಮ ತಾತನ ತುಪಾಕಿ ನೆನಪಾಗತೈತೆ. ಸಿರುಗುಪ್ಪ ಕಡೆಯ ನನ್ನ ತವರಿನಲ್ಲಿ ಅವ್ವನ ಅಪ್ಪ ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಬಂದೂಕು ಅದು. ಬಾಯಿಂದ ಮದ್ದು ತುಂಬೋದು. ಲೈಸೆನ್ಸು ತಾತನ ಹೆಸರಲ್ಲಿ, ಹೊಲಕ್ಕೆ ಬರೋ ಹಂದಿ ಓಡಿಸಾಕೆ. ಆದರೆ ಅದನ್ನು ತುಕ್ಕು ಹಿಡಿಯದಂಗೆ ಕಾಪಾಡಿದವಳು ನಮ್ಮ ಅಜ್ಜಿ. ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ.

ಮನೆಯಲ್ಲಿ ಬಂದೂಕು ಇರೋದು ಯಾಕೆ ಅಷ್ಟು ದೊಡ್ಡ ಮಾತು ಅಂತ ಈಗಿನ ಹುಡುಗ್ಯಾರಿಗೆ ಗೊತ್ತಾಗಲಿಕ್ಕಿಲ್ಲ. 1857ರಲ್ಲಿ ಇಂಗ್ಲಿಷರು ಜನರ ಕೈಯಲ್ಲಿರೋ ಆಯುಧಗಳನ್ನು ಕಿತ್ಕೊಳ್ಳೋ ಕಾನೂನು ತಂದರು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡಲ್ಲ ಅಂತ ನಿಂತರು. ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಆ ಕಥೆಯ ಲಾವಣಿ ನಮ್ಮ ಕಡೆ ಎಲ್ಲರೂ ಕೇಳಿದ್ದೇ. ಆಮೇಲೆ 1878ರ ಕಾನೂನು ಬಂತು, ಬಂದೂಕಿಗೆ ಲೈಸೆನ್ಸ್ ಬೇಕೇ ಬೇಕು ಅಂತ. ಸ್ವಾತಂತ್ರ್ಯ ಬಂದ ಮೇಲೆ 1959ರ ಕಾನೂನೂ ಅದೇ ದಾರಿ ಹಿಡೀತು. ಕೊಡಗಿನವರಿಗೆ ಮಾತ್ರ ಹಿಂದಿನಿಂದ ವಿನಾಯಿತಿ. ಅವರು ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ತೆಗೆದು, ಒರೆಸಿ, ಹೂ ಇಟ್ಟು ಪೂಜೆ ಮಾಡ್ತಾರೆ. 1972ರಲ್ಲಿ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿ ಅನ್ನೋದಕ್ಕೆ ಬಾಗಿಲು ಮುಚ್ಚಿತು. ಅಲ್ಲಿಗೆ ನಮ್ಮ ಕಡೆ ಎಷ್ಟೋ ಮನೆಗಳ ತುಪಾಕಿ ಗೋಡೆ ಸೇರಿದವು. ಗೋಡೆ ಸೇರಿದ ಮೇಲೇ ತುಕ್ಕಿನ ಕಾಟ ಶುರು. ದಿನಾ ಹಿಡಿಯೋ ಕುಡಗೋಲಿಗಿಂತ ಅಟ್ಟಕ್ಕೆ ಬಿದ್ದ ಕುಡಗೋಲಿಗೇ ಜಂಗು ಬೇಗ ಬರೋದು, ನೀವೇ ನೋಡೀರಿ.

ತುಕ್ಕು ಅಂದ್ರೇನು? ಸಂಡೂರಿನ ಕಡೆ ಹೋದವರಿಗೆ ಹೇಳೋದು ಬೇಡ. ರಸ್ತೆ, ಗಿಡ, ಲಾರಿ ಎಲ್ಲ ಕೆಂಪು. ಆ ಅದಿರು ಅಂದ್ರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ್ದು. ಕುಲುಮೆಯಲ್ಲಿ ಕಾಸಿ ಎರಡನ್ನೂ ಬೇರೆ ಮಾಡಿದರೆ ಕಬ್ಬಿಣ ಸಿಗತೈತೆ. ನೀರು, ಗಾಳಿ ಸೋಕಿದ್ರೆ ಅದು ಮತ್ತೆ ಆಮ್ಲಜನಕದ ಜೊತೆ ಕೂಡಿ ಕೆಂಪಾಗತೈತೆ. ತವರಿಗೆ ಹೊರಟ ಸೊಸಿ ಇದ್ದಂಗೆ, ಸ್ವಲ್ಪ ಆಸರೆ ಸಿಕ್ಕರೆ ಸಾಕು.

ಮೊದಲು ನಮ್ಮದು ಒಣ ಸೀಮೆ. ಬೇಸಿಗೆಯಲ್ಲಿ ತುಕ್ಕಿನ ಭಯ ಇರಲಿಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಮ್ ಆಗಿ ಕಾಲುವೆ ನೀರು ಬಂತು, ಸಿರುಗುಪ್ಪ ಸುತ್ತ ಭತ್ತದ ಗದ್ದೆ ಆದವು. ಅನ್ನ ಬಂತು, ಅದರ ಜೊತೆ ಗೋಡೆಗೆ ತೇವಾನೂ ಬಂತು ಅಂತಿದ್ಲು ಅಜ್ಜಿ. ಅದಕ್ಕೇ ಅವಳು ತುಪಾಕಿಯನ್ನ ಮಣ್ಣಿನ ಗೋಡೆಗೆ ತಾಗಿಸಿ ಇಡಾಕೆ ಬಿಡ್ತಿರಲಿಲ್ಲ. ಎರಡು ಕಟ್ಟಿಗೆ ಗೂಟದ ಮೇಲೆ, ಗಾಳಿ ಆಡೋ ಹಂಗೆ ಇಡಿಸ್ತಿದ್ಲು.

ಹಂದಿ ಓಡಿಸಿ ಬಂದ ಬೆಳಗ್ಗೆ ಮೊದಲ ಕೆಲಸ ತಾತಂದು. ಉದ್ದನೆ ಕಬ್ಬಿಣದ ಕಡ್ಡಿ ನಳಿಗೆಗೆ ಇಳಿಸಿ, ಎಷ್ಟು ಒಳಗೆ ಹೋಯ್ತು ಅಂತ ಅಳೆದು, ಖಾಲಿ ಐತೆ ಅಂತ ಖಾತ್ರಿ ಮಾಡಿ ಕೊಡ್ತಿದ್ದ. ಅಲ್ಲಿವರೆಗೆ ನಾವು ಮಕ್ಕಳು ಪಡಸಾಲೆಗೆ ಕಾಲಿಡೋ ಹಂಗಿಲ್ಲ. ಆಮೇಲೆ ಅಜ್ಜಿ ಕುದಿಯೋ ನೀರು, ಸ್ವಲ್ಪ ಸೋಪು ತಗೊಂಡು ನಳಿಗೆ ತೊಳೀತಿದ್ಲು.

ಕಬ್ಬಿಣಕ್ಕೆ ನೀರು ಹಾಕೋದಾ ಅಂತ ಆಗ ನನಗೂ ಆಶ್ಚರ್ಯ. ಕಾರಣ ಆಮೇಲೆ ತಿಳೀತು. ಕರಿಮದ್ದು ಅಂದ್ರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಉಳಿಯೋ ಮಸಿಯಲ್ಲಿ ಉಪ್ಪಿನಂಥವು ಇರ್ತಾವೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಡತೈತಲ್ಲ, ಹಂಗೆ ಅವು ಗಾಳಿಯ ತೇವ ಎಳೆದು ಒಂದೇ ರಾತ್ರಿಯಲ್ಲಿ ನಳಿಗೆ ತಿಂತಾವೆ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲೇ ಕರಗಬೇಕು. ಇಂಗ್ಲಿಷರ ಸಿಪಾಯಿಗಳೂ ತಮ್ಮ ರೈಫಲ್ಲುಗಳಿಗೆ ಕುದಿಯೋ ನೀರನ್ನೇ ಹುಯ್ತಿದ್ರು, ಅವರ ತೋಟಾದ ಕೇಪೂ ಸುಟ್ಟ ಮೇಲೆ ಉಪ್ಪು ಬಿಡ್ತಿತ್ತು. ನೀರು ಕುದಿಯೋದೇ ಆಗಬೇಕು ಯಾಕಂದ್ರೆ ಕಬ್ಬಿಣ ಬಿಸಿ ಆಗಿ ತಾನೇ ಬೇಗ ಒಣಗತೈತೆ. ಒಣಗಿದ ಮೇಲೆ ಹಳೆ ಧೋತರದ ಅರಿವೆಯಲ್ಲಿ ತೆಳ್ಳಗೆ ಎಣ್ಣೆ.

ಎಣ್ಣೆಯಲ್ಲೂ ಅವಳಿಗೆ ಲೆಕ್ಕ ಇತ್ತು. ಕುಸುಬಿ ಎಣ್ಣೆ ಬ್ಯಾಡ, ಅದು ಒಣಗಿ ಅಂಟಾಗಿ ಕೂಡತೈತೆ. ಬಂಡಿ ಕೀಲಿಗೆ ಹಾಕೋ ಔಡಲ ಎಣ್ಣೆ ಹಚ್ಚೋಳು, ಮುಂದೆ ಹೊಲಿಗೆ ಮಷಿನ್ನಿನ ಎಣ್ಣೆ ಸಿಕ್ಕ ಮೇಲೆ ಅದೇ. ಕೊನೆಗೆ ಇನ್ನೊಂದು ಸಲ ಒಣ ಅರಿವೆಯಲ್ಲಿ ಒರೆಸಿ, ಬರಿಗೈ ತಾಗದಂಗೆ ಗೂಟಕ್ಕೆ ಏರಿಸೋಳು. "ಬೆವರೂ ಉಪ್ಪೇ ಅಲ್ಲೇನೇ" ಅಂತಿದ್ಲು.

ಅಜ್ಜಿ ಹೋದ್ಲು. ತಾತ ಇದ್ದ, ಕಣ್ಣು ಮಂಜಾಗಿತ್ತು. ಅರಿವೆ ಹಿಡಿಯೋರು ಇಲ್ಲ. ಆ ದಸರಾಕ್ಕೆ ಮನೆಯವರು ಭಕ್ತಿಯಿಂದಲೇ ಕೊಳವೆಗೆ ಮೂರು ಬೆರಳಲ್ಲಿ ಹಸಿ ವಿಭೂತಿ ಎಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಹೋಳು ಮಾಡಿ ಇಟ್ಟು ಪೂಜೆ ಮಾಡಿದ್ರು. ಆಮೇಲೆ ಧೂಳು ಬೀಳಬಾರದು ಅಂತ ಹಂಗೇ ಚರ್ಮದ ಚೀಲದಲ್ಲಿ ಹಾಕಿ ಇಟ್ರು. ಚರ್ಮ ತೇವ ಹಿಡಿಯತೈತೆ, ಹದ ಮಾಡಿದ ಔಷಧಿಯ ಅಂಶಾನೂ ಅದರಲ್ಲಿರತೈತೆ. ಅದು ಯಾರಿಗೂ ಹೊಳೀಲಿಲ್ಲ. ಮರುವರ್ಷ ಎಲೆಕ್ಷನ್ ಬಂತು, ಲೈಸೆನ್ಸಿನ ಬಂದೂಕು ಠಾಣೆಗೆ ಒಪ್ಪಿಸಬೇಕು. ಚೀಲ ಬಿಚ್ಚಿದ್ರೆ ಕೊಳವೆ ಮೇಲೆ ಮೂರು ಕೆಂಪು ಗೆರೆ.

ಅವ್ವ ಸೀಮೆಎಣ್ಣೆ ಹಚ್ಚಿ ಒಂದು ದಿನ ನೆನೆಯಾಕೆ ಬಿಟ್ಟು, ನುಣ್ಣನೆ ಉಕ್ಕಿನ ನಾರಿನಲ್ಲಿ ಮೆಲ್ಲಗೆ ತಿಕ್ಕಿದ್ಲು. ಕೆಂಪು ಹೋಯ್ತು. ನೆರೆಮನೆಯವರು ಹುಣಸೆಹಣ್ಣು ಹಾಕು ಅಂದ್ರು, ಹಿತ್ತಾಳೆ ತಂಬಿಗೆ ಹೊಳೆಯೋ ಹಂಗೆ ಹೊಳೀತೈತೆ ಅಂತ. ಒಂದು ಮೂಲೆಗೆ ಹಚ್ಚಿ ನೋಡಿದ್ಲು. ತುಕ್ಕಿನ ಜೊತೆ ಕೊಳವೆಯ ಕಪ್ಪು ಬಣ್ಣಾನೂ ಎದ್ದು ಹೋಗಿ ಬೆಳ್ಳಗಾಯ್ತು, ಮುಂದಿನ ಮಳೆಗೆ ಅಲ್ಲೇ ಮೊದಲು ಜಂಗು ಬಂತು. ಹಳೆ ಕುಶಲಕರ್ಮಿಗಳು ಉಕ್ಕಿಗೆ ಬೇಕಂತಲೇ ತುಕ್ಕು ಬರಿಸಿ, ಅದನ್ನು ನೀರಲ್ಲಿ ಕುದಿಸಿ, ಕೆಂಪು ಕಪ್ಪಾದ ಮೇಲೆ ತಿಕ್ಕಿ, ಮತ್ತೆ ಮತ್ತೆ ಅದೇ ಮಾಡಿ ಎಣ್ಣೆ ಹಾಕಿ ಆ ಕಪ್ಪು ಬಣ್ಣ ಬರಿಸ್ತಿದ್ರಂತೆ. ಆ ಕಪ್ಪೂ ಒಂದು ನಮೂನೆ ತುಕ್ಕೇ, ಆದರೆ ಎಣ್ಣೆ ಹಿಡಿದು ಕಬ್ಬಿಣ ಕಾಯೋದು. ಹುಳಿಗೆ ಇದು ಬ್ಯಾರೆ, ಅದು ಬ್ಯಾರೆ ಅಂತ ಗೊತ್ತಿಲ್ಲ.

ಮೂರು ಗೆರೆ ಮಾತ್ರ ಹೋಗಲಿಲ್ಲ. ಬೆರಳಾಡಿಸಿದ್ರೆ ಸಣ್ಣ ಸಣ್ಣ ಗುಂಡಿ ಸಿಗ್ತಿದ್ವು. ತುಕ್ಕು ತೆಗೀಬೋದು, ಅದು ತಿಂದ ಕಬ್ಬಿಣ ತಿರುಗಿ ಬರಲ್ಲ. ಹೊರಗೇ ಹಂಗಾದ್ರೆ ಒಳಗೆ ಹೆಂಗಿರಬೇಕು? ತಿಂದು ತೆಳ್ಳಗಾದ ನಳಿಗೆಗೆ ಮದ್ದು ಹಾಕಿದ್ರೆ ಸಿಡಿದು ಹಿಡಿದವರ ಕೈ ಹೋಗತೈತೆ. ಆಮೇಲೆ ಅದನ್ನು ಯಾರೂ ಹಾರಿಸಲಿಲ್ಲ. ತಾತ ತೀರಿಕೊಂಡ ಮೇಲೆ ಮಾವ ಠಾಣೆಗೆ ಒಪ್ಪಿಸಿಬಿಟ್ಟ. ಯಾರ ಮನೇಲಾದ್ರೂ ಹಂಗೆ ಹಿರಿಯರ ಬಂದೂಕು ಉಳಿದಿದ್ರೆ ನೀವೂ ಸುಮ್ಮನೆ ಇಟ್ಕೊಬ್ಯಾಡ್ರಿ. ಲೈಸೆನ್ಸಿನವರು ಹೋದ ಮೇಲೆ ಅದನ್ನು ಇಟ್ಕೊಳ್ಳಾಕೆ ಹಕ್ಕಿಲ್ಲ. ಠಾಣೆಗೆ ತಿಳಿಸ್ರಿ. ತುಂಬಿದೆಯೋ ಖಾಲಿಯೋ ಗೊತ್ತಿಲ್ಲದ್ದನ್ನು ಒರೆಸಾಕೂ ಮುಟ್ಟಬ್ಯಾಡ್ರಿ.

ನಮ್ಮ ಮನೆಗಳಲ್ಲಿ ಈಗ ತುಪಾಕಿ ಇಲ್ಲ. ಈಳಿಗೆ ಐತೆ, ಮಷಿನ್ನು ಐತೆ. ಈ ಸಲ ವಿಭೂತಿ, ಕುಂಕುಮ ಕಟ್ಟಿಗೆ ಭಾಗಕ್ಕೆ ಹಚ್ಚಿರಿ, ನಿಂಬೆಹಣ್ಣು ಕಬ್ಬಿಣಕ್ಕೆ ತಾಗದಂಗೆ ಇಡ್ರಿ. ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ಮಲಗೋ ಮುಂಚೆ ಒಣ ಅರಿವೆಯಲ್ಲಿ ಒರೆಸಿ, ಎರಡು ಹನಿ ಮಷಿನ್ ಎಣ್ಣೆ ಸವರಿಡ್ರಿ. ಈಳಿಗೆಗೆ ಮಾತ್ರ ಅಡುಗೆ ಎಣ್ಣೆ ಸಾಕು, ನಾವು ಅದನ್ನು ದಿನಾ ತೊಳೀತೀವಲ್ಲ.