ಗುಣವಾದ ಮೇಲೂ ಉಳಿಯುವ ಪ್ಲಾಟಿನಂ

ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿದಾಗ ಅವು ಒಡೆದು ಎರಡಾಗುವುದನ್ನು ನಿಲ್ಲಿಸಿ ಸುಮ್ಮನೆ ಉದ್ದವಾದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ತುದಿಗಳಿಂದ ಕರಗಿ ಬಂದ ಲೋಹ. 1965ರಲ್ಲಿ ಪ್ರಕಟವಾದ ಈ ಶೋಧದಿಂದ ಬಂದ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಔಷಧವನ್ನು ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ವೃಷಣ ಕ್ಯಾನ್ಸರ್‌ಗೆ ಬಳಸತೊಡಗಿದರು. ಮೈಯೆಲ್ಲ ಹರಡಿದ ಈ ರೋಗದಿಂದ ಅದುವರೆಗೆ ಹತ್ತರಲ್ಲಿ ಒಬ್ಬ ಉಳಿಯುವುದೂ ಕಷ್ಟವಿತ್ತು. ಈಗ ಸುಮಾರು ಎಂಟು ಮಂದಿ ಉಳಿಯುತ್ತಾರೆ. 1987ರ ಹೊತ್ತಿಗೆ ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಎಂಬ ಮೂರು ಔಷಧಗಳ ಜೋಡಣೆ ಗಟ್ಟಿಯಾಯಿತು. ರೋಗ ಮರುಕಳಿಸುವುದಿದ್ದರೆ ಹೆಚ್ಚಾಗಿ ಎರಡು ವರ್ಷದೊಳಗೇ. ಹೀಗಾಗಿ ವೈದ್ಯಲೋಕದ ಲೆಕ್ಕವೂ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ರೋಗಿ ಇಪ್ಪತ್ತೈದು ಮೂವತ್ತರ ಹರೆಯದವನು. ಅವನ ಮುಂದೆ ನಲವತ್ತು ವರ್ಷಗಳಿವೆ. ಚಿಕಿತ್ಸೆಯಾಗಿ ಇಪ್ಪತ್ತು ವರ್ಷ ಕಳೆದವರ ರಕ್ತದಲ್ಲೂ ಪ್ಲಾಟಿನಂ ಇನ್ನೂ ಇರುವುದನ್ನು 2000ರಲ್ಲಿ ಡಚ್ ಸಂಶೋಧಕರು ತೋರಿಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿದ 2005ರ ಅಧ್ಯಯನ, ಕಿಮೊ ಪಡೆದವರಲ್ಲಿ ದಶಕಗಳ ನಂತರವೂ ಬೇರೆ ಕ್ಯಾನ್ಸರ್‌ಗಳ ಅಪಾಯ ಹೆಚ್ಚೆಂದಿತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಿಸ್‌ಪ್ಲಾಟಿನ್ ಪಡೆದು ಗುಣವಾದ 488 ಮಂದಿಯಲ್ಲಿ ಐವರಲ್ಲಿ ನಾಲ್ವರಿಗೆ ಕಿವಿ ಮಂದವಾಗಿತ್ತು. ಕಿವಿಯ ಗುಂಯ್‌ಗುಡುವಿಕೆ, ಕೈಕಾಲು ಜೋಮು, ಕುಗ್ಗುವ ಮೂತ್ರಪಿಂಡದ ಬಲ, ಏರುವ ಬಿಪಿ, ಹೃದ್ರೋಗ, ಇಳಿಯುವ ಟೆಸ್ಟೊಸ್ಟೆರಾನ್: ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ.

ಈ ತಿಳಿವಳಿಕೆ ದೊಡ್ಡಾಸ್ಪತ್ರೆಯಲ್ಲೇ ಉಳಿದರೆ ಪ್ರಯೋಜನವಿಲ್ಲ, ತಾಲ್ಲೂಕಿಗೆ ಇಳಿಯಬೇಕು ಎಂಬುದು ನನ್ನ ವಾದ. ಯಾದಗಿರಿ, ಶಹಾಪುರ, ಸುರಪುರದವರು ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ಗುಣವಾದ ಮೇಲೆ ವರ್ಷವರ್ಷವೂ ಕೂಲಿ ಬಿಟ್ಟು ಅಷ್ಟು ದೂರ ಹೋಗೆಂದರೆ ಯಾರು ಹೋದಾರು? ಬಿಪಿ, ಶುಗರ್, ಕ್ರಿಯಾಟಿನಿನ್ ನೋಡಲು ಊರ ಆಸ್ಪತ್ರೆಯೇ ಸಾಕು. ಭಾರತದಲ್ಲಿ ವೃಷಣ ಕ್ಯಾನ್ಸರ್ ಅಪರೂಪ, ಇದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎನ್ನಬಹುದು. ಆದರೆ ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೂ ಇದೇ ಸಿಸ್‌ಪ್ಲಾಟಿನ್ ಕೊಡುತ್ತಾರೆ, ಅವೇನೂ ಇಲ್ಲಿ ಅಪರೂಪವಲ್ಲ. ಅಡ್ಡಪರಿಣಾಮದ ಮಾತೆತ್ತಿದರೆ ಜನ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಹರಡಿದ ರೋಗಕ್ಕೆ ಕಿಮೊ ಬಿಟ್ಟರೆ ಸಾವೇ, ಅದನ್ನು ಮೊದಲು ಹೇಳಬೇಕು. ಆದರೆ ಮುಚ್ಚಿಟ್ಟರೂ ನಷ್ಟವಿದೆ: ವೀರ್ಯ ಕಾದಿಡುವ ಅವಕಾಶ ಕಿಮೊಗೆ ಮುಂಚೆ ಮಾತ್ರ. ಅಪಾಯ ಕಡಿಮೆಯಿರುವವರಿಗೆ ನಾಲ್ಕರ ಬದಲು ಮೂರೇ ಸುತ್ತು ಸಾಕೆಂದು ತಿಳಿದದ್ದೂ ಅಡ್ಡಪರಿಣಾಮಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದಲೇ.

ಈ ಸೀಮೆಗೆ ಇನ್ನೊಂದು ತೊಡಕಿದೆ. ಸುರಪುರದ ಕಡೆಯ ಹಳೆಯ ಚಿನ್ನದ ಗಣಿಯ ಸುತ್ತ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 59 ಕೊಳವೆಬಾವಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಸಿಸ್‌ಪ್ಲಾಟಿನ್‌ನಂತೆ ಆರ್ಸೆನಿಕ್ ಕೂಡ ನರಗಳನ್ನು ಹಾಳುಮಾಡುತ್ತದೆ. ಹತ್ತಿ ಬಿಡಿಸುವಾಗ ಬೆರಳಿಗೆ ಸ್ಪರ್ಶ ತಿಳಿಯುತ್ತಿಲ್ಲ ಎಂದು ಬಂದವನಿಗೆ ವಿಟಮಿನ್ ಮಾತ್ರೆ ಬರೆಯುವ ಮುಂಚೆ, ಕುಡಿಯುವ ನೀರನ್ನೂ ಹಳೆಯ ಕಿಮೊವನ್ನೂ ವಿಚಾರಿಸಬೇಕು. ಅದಕ್ಕೆ ಔಷಧದ ಹೆಸರು, ಸುತ್ತು, ಒಟ್ಟು ಪ್ರಮಾಣ ಬರೆದ ಒಂದು ಹಾಳೆ ರೋಗಿಯ ಕೈಯಲ್ಲಿರಬೇಕು. ಬ್ಲಿಯೊಮೈಸಿನ್ ಪಡೆದವನಿಗೆ ಮುಂದೆಂದೋ ಹರ್ನಿಯಾ ಆಪರೇಷನ್ ಆದರೂ, ಅರಿವಳಿಕೆ ಕೊಡುವವರು ಆ ಹಾಳೆ ನೋಡಿಯೇ ಆಮ್ಲಜನಕವನ್ನು ಬೇಕಾದಷ್ಟಕ್ಕೆ ಮಿತಿಗೊಳಿಸಬೇಕಾಗುತ್ತದೆ.