ಗೆಲುವು ಜಟ್ಟಿಯದು, ಹೆಸರು ಯಾರದು?

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸೋಲನ್ನು ಒಪ್ಪಿಕೊಳ್ಳದವನನ್ನು ಹಾಸ್ಯ ಮಾಡಲು ನಾವು ಅದನ್ನು ಬಳಸುತ್ತೇವೆ. ಆದರೆ ಕುಸ್ತಿಯ ಕಣದ ಪಕ್ಕದಲ್ಲಿ ನಿಂತು ಯೋಚಿಸಿದರೆ ಈ ಮಾತಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ನೆಲಕ್ಕೆ ತಾಗಿದ್ದು ಬೆನ್ನು. ಜನ ನೋಡುವುದು ಮೀಸೆಯನ್ನು. ಬೆನ್ನು ಬರೀ ದೇಹ. ಮೀಸೆಯೆಂದರೆ ಹೆಸರು, ವರ್ಚಸ್ಸು, ಊರೂರಲ್ಲಿ ಹಬ್ಬಿದ ಖ್ಯಾತಿ. ಬಲಶಾಲಿಗಳ ಚರಿತ್ರೆಯನ್ನು ನೋಡುತ್ತಾ ಹೋದರೆ, ಜಟ್ಟಿಯ ಬೆನ್ನಿಗಿಂತ ಅವನ ಮೀಸೆಗಾಗಿಯೇ ಹೆಚ್ಚು ಹೋರಾಟ ನಡೆದಿರುವುದು ಕಾಣುತ್ತದೆ. ಆ ಮೀಸೆಯ ಒಡೆತನ ಯಾರದು ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಗುರುತಿಸುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಲ್ಲುಬೆಟ್ಟಗಳ ನಾಡು, ಮಳೆ ಕಡಿಮೆಯ ನಾಡು. ಇಲ್ಲಿ ರಾಗಿ, ಕಡಲೆಕಾಯಿ ಬೆಳೆದು ಬದುಕುವ ರೈತನ ಮನೆಯಲ್ಲಿ ಒಬ್ಬ ಪೈಲ್ವಾನನನ್ನು ಸಾಕುವುದು ಸುಲಭದ ಮಾತಲ್ಲ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ ಇವೆಲ್ಲ ನಿತ್ಯ ಬೇಕು. ಬೆಳಗ್ಗೆ ಸಂಜೆ ಸಾಮು ಮಾಡುವವನಿಗೆ ಹೊಲದ ಕೆಲಸಕ್ಕೆ ಬಿಡುವೂ ಇರುವುದಿಲ್ಲ. ಹೀಗಾಗಿ ಜಟ್ಟಿಗೆ ಯಾವ ಕಾಲದಲ್ಲೂ ಅನ್ನ ಹಾಕುವ ಧಣಿಯೊಬ್ಬ ಬೇಕಾಗಿದ್ದ. ಒಮ್ಮೆ ಅವನು ಅರಸ, ಇನ್ನೊಮ್ಮೆ ಪಾಳೆಯಗಾರ, ಮುಂದೆ ಟಿಕೆಟ್ ಮಾರುವ ವ್ಯಾಪಾರಿ. ಅನ್ನ ಹಾಕಿದವನು ಹೆಸರಿನಲ್ಲಿ ಪಾಲು ಕೇಳದೆ ಇರುತ್ತಾನೆಯೇ?

ಈ ನಾಲ್ಕು ತಾಲ್ಲೂಕುಗಳು ಸೇರಿದ ತುಮಕೂರು ಜಿಲ್ಲೆ ಮೂಡಲಪಾಯ ಯಕ್ಷಗಾನಕ್ಕೂ ಹೆಸರಾದದ್ದು. ದೊಡ್ಡ ಕಿರೀಟ, ಭುಜಕೀರ್ತಿ ತೊಟ್ಟ ಭೀಮ ರಂಗಕ್ಕೆ ಬಂದು ನೆಲ ನಡುಗುವಂತೆ ಕುಣಿದಾಗ, ವೇಷ ಹಾಕಿದವನು ನಮ್ಮೂರವನೇ ಎಂಬುದು ಗೊತ್ತಿದ್ದೂ ನಾವು ಮೈಮರೆಯುತ್ತೇವೆ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅಲ್ಲಿ ವೇಷ ವೇಷವೆಂದೇ ಒಪ್ಪಿತ. ಗರಡಿಮನೆಯ ನಿಯಮ ಇದಕ್ಕೆ ವಿರುದ್ಧ. ಎಣ್ಣೆ ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮೇಲೆ, ಗೋಡೆಯ ಆಂಜನೇಯನ ಎದುರಿಗೆ, ಲಂಗೋಟಿ ಕಟ್ಟಿ ನಿಂತವನಿಗೆ ವೇಷವೇ ಇಲ್ಲ. ವೃತ್ತಿ ಕುಸ್ತಿ ಎಂಬ ವ್ಯಾಪಾರ ಹುಟ್ಟಿದ್ದು ಈ ಎರಡರ ನಡುವೆ. ವೇಷವನ್ನು ರಂಗದಿಂದ ತಂದಿತು, ಬೆವರನ್ನು ಗರಡಿಯಿಂದ ತಂದಿತು.

ಹೆಸರು ಮರೆಸಿ ಕುಸ್ತಿ ಆಡಿದವರ ಕಥೆ ನಮ್ಮಲ್ಲಿ ಹಳೆಯದು. ಮಹಾಭಾರತದ ವಿರಾಟಪರ್ವದಲ್ಲಿ ಭೀಮ ಅಡುಗೆಯವನಾಗಿ ವಲಲನೆಂಬ ಹೆಸರಿನಲ್ಲಿ ಅಡಗಿದ್ದಾಗ, ಉತ್ಸವದ ಕಣದಲ್ಲಿ ಜೀಮೂತನೆಂಬ ಮಲ್ಲನೊಡನೆ ಸೆಣಸಬೇಕಾಯಿತು. ಗೆಲ್ಲಲೇಬೇಕು, ಆದರೆ ಗುರುತು ಸಿಗಬಾರದು. ಅವನನ್ನು ಕಣಕ್ಕೆ ಇಳಿಸಿದವನು ವಿರಾಟರಾಜ. ಕಣದಲ್ಲಿ ಕೈ ಭೀಮನದು, ಹೆಸರು ವಲಲನದು, ಅಪ್ಪಣೆ ಅರಸನದು. ಈ ಮೂರರ ಗಂಟು ಇಂದಿಗೂ ಬಿಚ್ಚಿಲ್ಲ.

ಕಥೆಯಿಂದ ಚರಿತ್ರೆಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಜಾಗವಿದೆ. ಮಲ್ಲರನ್ನು ವಯಸ್ಸು ಮತ್ತು ಬಲಕ್ಕೆ ತಕ್ಕಂತೆ ವಿಂಗಡಿಸುವ ಕ್ರಮ, ಅವರ ಆಹಾರ, ಅಭ್ಯಾಸ ಎಲ್ಲವೂ ಅಲ್ಲಿ ಬರುತ್ತವೆ. ಹೆಸರೇ ಹೇಳುವಂತೆ ಇದು ದೊರೆಯ ವಿನೋದ. ಮುಂದೆ 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಸಮ್ಮುಖದಲ್ಲಿ ನಡೆದ ಮಹಾನವಮಿಯ ಕುಸ್ತಿಯನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತಗಳನ್ನು ಕಂಡು ಅವನು ಬೆರಗಾಗಿದ್ದಾನೆ. ನಮಗೆ ಮುಖ್ಯವಾದದ್ದು ಅವನು ಹೇಳುವ ಇನ್ನೊಂದು ವಿಷಯ. ಸರಿಸಮಾನರನ್ನು ಎದುರುಬದುರು ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ಅಲ್ಲಿ ಮುಖಂಡರೂ ತೀರ್ಪುಗಾರರೂ ಇದ್ದರಂತೆ.

ಮೈಸೂರು ದಸರಾ ಕುಸ್ತಿಯ ಸುದ್ದಿಯಲ್ಲಿ "ಜೋಡಿ ಕಟ್ಟುವುದು" ಎಂಬ ಮಾತನ್ನು ನೀವು ಓದಿರಬಹುದು. ಪಾಯಸ್ ಕಂಡದ್ದು ಅದನ್ನೇ. ಯಾರ ಎದುರಿಗೆ ಯಾರು ಎಂದು ನಿರ್ಧರಿಸುವುದೇ ಜೋಡಿ ಕಟ್ಟುವುದು. ನೋಡಲು ಇದು ಸಣ್ಣ ಕೆಲಸ. ಆದರೆ ಇಪ್ಪತ್ತರ ಹುಡುಗನನ್ನು ಮೂವತ್ತರ ಹುರಿಯಾಳಿನ ಎದುರು ನಿಲ್ಲಿಸಿದರೆ ಕುಸ್ತಿ ಶುರುವಾಗುವ ಮೊದಲೇ ಮುಗಿಯಿತು. ಹಳ್ಳಿಯ ಜಾತ್ರೆಯ ಕಣವೂ ಈ ಮಾತಿಗೆ ಹೊರತಲ್ಲ. ಪೈಲ್ವಾನನಿಗೆ ಪಟ್ಟು ಗೊತ್ತು. ಜೋಡಿ ಕಟ್ಟುವವನಿಗೆ ಪೈಲ್ವಾನನೇ ಒಂದು ಪಟ್ಟು.

1565ರ ಯುದ್ಧದ ನಂತರ ವಿಜಯನಗರದ ಅರಸರು ಪಾವಗಡಕ್ಕೆ ಹತ್ತಿರದ ಪೆನುಕೊಂಡೆಗೆ ಬಂದು ನೆಲೆಸಿದರು. ಅವರ ಬಲ ಕುಂದಿದಂತೆ ಪಾಳೆಯಗಾರರು ತಲೆಯೆತ್ತಿದರು. ಮಹಾನವಮಿಯ ಸಂಪ್ರದಾಯವನ್ನು ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನು ಶಿರಾವನ್ನು ಕಸ್ತೂರಿ ರಂಗಪ್ಪ ನಾಯಕನಿಂದ ಕಿತ್ತುಕೊಂಡ. ಅವನ ಸೈನ್ಯವೇ ಶ್ರೀರಂಗಪಟ್ಟಣದ ಮೇಲೂ ಬಿದ್ದಾಗ ಎದುರಿಸಿ ಹಿಮ್ಮೆಟ್ಟಿಸಿದವರು ಆಗಷ್ಟೇ ಪಟ್ಟಕ್ಕೆ ಬಂದಿದ್ದ ರಣಧೀರ ಕಂಠೀರವ ನರಸರಾಜ ಒಡೆಯರು.

ಈ ಕಂಠೀರವರ ಬಗ್ಗೆ ಒಂದು ಪ್ರತೀತಿ ಇದೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನಗೆ ಸಮಾನರಿಲ್ಲವೆಂದು ಸವಾಲು ಹಾಕಿದ್ದನಂತೆ. ಕಂಠೀರವರು ಪಟ್ಟಕ್ಕೆ ಬರುವ ಮುನ್ನ ಮಾರುವೇಷದಲ್ಲಿ ಅಲ್ಲಿಗೆ ಹೋಗಿ ಅವನನ್ನು ಸೋಲಿಸಿ, ಹೆಸರು ಹೇಳದೆ ಮರಳಿದರಂತೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಅಭಿಮಾನ ಎಂದು ತೂಗಿ ನೋಡುವುದು ಕಷ್ಟ. ಆದರೆ ಮುಂದಿನದು ಇತಿಹಾಸವೇ. ಅರಸರಾದ ಮೇಲೆ ಅವರು ಟಂಕಸಾಲೆ ತೆರೆದು ನಾಣ್ಯ ಹೊರಡಿಸಿದರು. ಆ ನಾಣ್ಯ ಅವರ ಹೆಸರಿನಿಂದಲೇ 'ಕಂಠೀರಾಯ ಹಣ' ಎಂದು ಚಲಾವಣೆಯಾಯಿತು. ಕಣದಲ್ಲಿ ಮರೆಮಾಚಿದ ಹೆಸರು ಬಂಗಾರದ ಮೇಲೆ ಅಚ್ಚಾಯಿತು. 1960ರಲ್ಲಿ ಅದೇ ಹೆಸರಿನ ಚಲನಚಿತ್ರದಲ್ಲಿ ರಾಜ್‌ಕುಮಾರ್ ಅವರ ಪಾತ್ರವಾಗಿ ಜನರ ಮನಸ್ಸಿನಲ್ಲಿ ನಿಂತಿತು. ಬೆಂಗಳೂರಿನ ಕ್ರೀಡಾಂಗಣಕ್ಕೂ ಅದೇ ಹೆಸರು. ಕುಸ್ತಿಯಾಡಿದವನೂ ಧಣಿಯೂ ಒಬ್ಬನೇ ಆದಾಗ ಹೆಸರು ಹೀಗೆ ಉಳಿಯುತ್ತದೆ.

ಸಾಮಾನ್ಯ ಜಟ್ಟಿಗಳಿಗೆ ಈ ಭಾಗ್ಯ ಇರಲಿಲ್ಲ. ಮೈಸೂರು ಸಂಸ್ಥಾನದ ಜಟ್ಟಿಗಳು ಅರಮನೆಯ ಆಶ್ರಯದಲ್ಲಿ ಬದುಕಿದರು. ದೊರೆಯ ಅಪ್ಪಣೆಯಾದರೆ ಅಪರಾಧಿಗಳಿಗೆ ಶಿಕ್ಷೆ ಕೊಡುವ ಕೆಲಸಕ್ಕೂ ಅವರನ್ನು ಬಳಸಿಕೊಂಡದ್ದುಂಟು. ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯ ಆವರಣದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಎರಡು ಜೋಡಿ ಜಟ್ಟಿಗಳು ಸೆಣಸುತ್ತಾರೆ. ಮೊದಲ ರಕ್ತ ಚಿಮ್ಮುತ್ತಿದ್ದಂತೆ ಕಾಳಗ ನಿಲ್ಲುತ್ತದೆ. ಕೆಲವು ಕ್ಷಣಗಳ ಆ ಕಾಳಗಕ್ಕೆ ತಿಂಗಳುಗಳ ಸಿದ್ಧತೆ ಇರುತ್ತದೆ. ಮರುದಿನ ಪತ್ರಿಕೆಯಲ್ಲಿ ನಮಗೆ ನೆನಪಿರುವುದು ಅರಮನೆಯ ಹೆಸರೋ ಜಟ್ಟಿಯ ಹೆಸರೋ, ನೀವೇ ಹೇಳಿ.

ಇನ್ನು ಟಿಕೆಟ್ಟಿನ ಕಾಲ. 1910ರಲ್ಲಿ ಗಾಮಾ ಪೈಲ್ವಾನ್ ಲಂಡನ್ನಿಗೆ ಹೋದಾಗ ಅವನನ್ನು ಕರೆದೊಯ್ದವನು ಅರಸನಲ್ಲ, ಬೆಂಜಮಿನ್ ಎಂಬ ವ್ಯವಸ್ಥಾಪಕ. ಗಾಮಾನ ಹೆಸರಿನಲ್ಲಿ ಬಹಿರಂಗ ಸವಾಲುಗಳನ್ನು ಹಾಕಲಾಯಿತು. ಆ ವರ್ಷ ಸೆಪ್ಟೆಂಬರ್ 10ರಂದು ಪೋಲೆಂಡಿನ ಜಿಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲಕ್ಕೆ ಅಂಟಿಕೊಂಡೇ ಉಳಿದ. ಕುಸ್ತಿ ಸಮವಾಯಿತು. ಒಂದು ವಾರದ ನಂತರದ ಮರುಪಂದ್ಯಕ್ಕೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದ ಮಹಾರಾಜರು ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದರು. ಗಾಮಾ ಒಂದು ನಿಮಿಷದೊಳಗೆ ಜಿಬಿಸ್ಕೊವನ್ನು ಚಿತ್ ಮಾಡಿದ. ಹದಿನೆಂಟು ವರ್ಷಗಳ ಆ ಲೆಕ್ಕ ಚುಕ್ತಾ ಆಗಲು ಒಬ್ಬ ಮಹಾರಾಜರೇ ಕಣ ಹಾಕಿಸಬೇಕಾಯಿತು ಎಂಬುದನ್ನು ಗಮನಿಸಿ.

ಸ್ವಾತಂತ್ರ್ಯದ ನಂತರ ಅರಸರ ಆಶ್ರಯ ಹೋಯಿತು. ಗೋಡೆಗೆ ಅಂಟಿಸುವ ಪೋಸ್ಟರಿನ ಕಾಲ ಬಂತು. ಆಗ ಮೆರೆದವರು ದಾರಾಸಿಂಗ್. ಅವರ ಎದುರಾಳಿ ಹಂಗೇರಿ ಮೂಲದ ದೈತ್ಯನೊಬ್ಬ 'ಕಿಂಗ್ ಕಾಂಗ್' ಎಂಬ ಹೆಸರಿನಿಂದ ಆಡುತ್ತಿದ್ದ. ಅದು 1933ರ ಅಮೆರಿಕನ್ ಚಿತ್ರದ ದೈತ್ಯ ಕೋತಿಯ ಹೆಸರು. ಒಬ್ಬ ಸಜ್ಜನ, ಒಬ್ಬ ರಾಕ್ಷಸ: ನಮ್ಮ ಬಯಲಾಟದ ಪ್ರೇಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕೆ? ದಾರಾಸಿಂಗ್ 1954ರಲ್ಲಿ ರುಸ್ತುಂ-ಎ-ಹಿಂದ್ ಆದರು. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ಜ್ ಅವರನ್ನು ಸೋಲಿಸಿದರು. ಸಿನಿಮಾದಲ್ಲಿ ನಟಿಸಿದರು. 1987ರಲ್ಲಿ ದೂರದರ್ಶನದ 'ರಾಮಾಯಣ' ಧಾರಾವಾಹಿಯಲ್ಲಿ ಹನುಮಂತನಾದರು. ಗರಡಿಯ ಗೋಡೆಯ ಮೇಲಿದ್ದ ದೇವರ ವೇಷ ಗರಡಿಯ ಮನುಷ್ಯನಿಗೇ ಒದಗಿತು. 2003ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. 2012ರಲ್ಲಿ ತೀರಿಕೊಳ್ಳುವವರೆಗೂ ಅವರು ದಾರಾಸಿಂಗರೇ. ಯಾವ ಧಣಿಯೂ ಆ ಹೆಸರನ್ನು ಅವರಿಂದ ಕಿತ್ತುಕೊಳ್ಳಲಿಲ್ಲ.

ತೊಂಬತ್ತರ ದಶಕದಲ್ಲಿ ಕೇಬಲ್ ತಂತಿ ನಮ್ಮ ಊರುಗಳಿಗೂ ಬಂತು. ಅದರೊಂದಿಗೆ ಬಂದ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ ಕುಸ್ತಿಯನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪೈಲ್ವಾನರ ಚಿತ್ರದ ಕಾರ್ಡುಗಳನ್ನು ಶಾಲೆಯ ಚೀಲದಲ್ಲಿ ಬಚ್ಚಿಟ್ಟರು. "ಇದು ನಿಜವೋ ಸುಳ್ಳೋ" ಎಂಬ ಜಗಳ ಮನೆಮನೆಯಲ್ಲೂ ನಡೆಯಿತು. ಉತ್ತರ ಅಷ್ಟರಲ್ಲಾಗಲೇ ಸಿಕ್ಕಿತ್ತು. 1989ರ ಫೆಬ್ರವರಿಯಲ್ಲಿ ಆ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ತಮ್ಮದು ಮನರಂಜನೆಯೇ ಹೊರತು ನಿಜವಾದ ಸ್ಪರ್ಧೆಯಲ್ಲ ಎಂದು ಒಪ್ಪಿಕೊಂಡಿದ್ದರು. ಪ್ರಾಮಾಣಿಕತೆಗಾಗಿ ಅಲ್ಲ, ಕ್ರೀಡಾ ಆಯೋಗದ ಹತೋಟಿಯಿಂದಲೂ ತೆರಿಗೆಯಿಂದಲೂ ತಪ್ಪಿಸಿಕೊಳ್ಳುವುದಕ್ಕಾಗಿ. ದಶಕಗಳ ಕಾಲ ಪೈಲ್ವಾನರು ಕಣದ ಹೊರಗೂ ಕಾಪಾಡಿಕೊಂಡು ಬಂದ ಗುಟ್ಟನ್ನು ಧಣಿ ಒಂದು ದಿನದಲ್ಲಿ ಬಿಟ್ಟುಕೊಟ್ಟ.

ಆದರೆ ನಿಜ ಸುಳ್ಳಿನ ಜಗಳದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಕೈತಪ್ಪಿತು. ಫಲಿತಾಂಶ ಮೊದಲೇ ಗೊತ್ತಿದ್ದರೂ ಬೀಳುವ ದೇಹ ನಿಜವಾದದ್ದೇ, ಉಳುಕುವ ಬೆನ್ನೂ ನಿಜವಾದದ್ದೇ. ಆ ದೇಹಕ್ಕೆ ಅಂಟಿಸಿದ ಹೆಸರು ಯಾರದು? 1996ರಲ್ಲಿ 'ರೇಜರ್ ರಮೋನ್', 'ಡೀಸೆಲ್' ಎಂಬ ಹೆಸರುಗಳಲ್ಲಿ ಆಡುತ್ತಿದ್ದ ಇಬ್ಬರು ಆ ಕಂಪನಿ ಬಿಟ್ಟು ಪ್ರತಿಸ್ಪರ್ಧಿ ಕಂಪನಿಗೆ ಹೋದರು. ಹೆಸರು ಮಾತ್ರ ಹಳೆಯ ಕಂಪನಿಯಲ್ಲೇ ಉಳಿಯಿತು. ಕೆಲವೇ ತಿಂಗಳಲ್ಲಿ ಅದೇ ಹೆಸರು, ಅದೇ ವೇಷದಲ್ಲಿ ಬೇರೆ ಇಬ್ಬರನ್ನು ಕಣಕ್ಕೆ ಇಳಿಸಲಾಯಿತು. ಜನ ಒಪ್ಪಲಿಲ್ಲ. ಆದರೂ ಕಾಗದದ ಮೇಲೆ ಮೀಸೆ ಕಂಪನಿಯದಾಗಿತ್ತು, ಜಟ್ಟಿ ಬಾಡಿಗೆಯವನಾಗಿದ್ದ. ಅಲ್ಲಿನ ಪೈಲ್ವಾನರು ಕಂಪನಿಯ ನೌಕರರಲ್ಲ, ಗುತ್ತಿಗೆಯವರು. ಹೆಸರೂ ತಮ್ಮದಲ್ಲ, ನೌಕರಿಯ ಭದ್ರತೆಯೂ ಇಲ್ಲ.

ನಮ್ಮ ಹಿಮಾಚಲದ ದಲೀಪ್ ಸಿಂಗ್ ರಾಣಾ ಅಲ್ಲಿಗೆ ಹೋಗಿ 'ದಿ ಗ್ರೇಟ್ ಖಲಿ' ಆಗಿ 2007ರ ಜುಲೈನಲ್ಲಿ ವಿಶ್ವ ಹೆವಿವೇಟ್ ಪಟ್ಟ ಕಟ್ಟಿಸಿಕೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಖಲಿ ಎಂದರೆ ಎಲ್ಲರಿಗೂ ಗೊತ್ತು. ರಾಣಾ ಎಂದರೆ ಎಷ್ಟು ಜನರಿಗೆ ಗೊತ್ತು?

ಗರಡಿಮನೆಯಲ್ಲಿ ಎಲ್ಲವೂ ಪರಿಶುದ್ಧ, ಟಿವಿಯಲ್ಲಿ ಎಲ್ಲವೂ ಮೋಸ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಜಾತ್ರೆಯ ಕುಸ್ತಿಗೂ ತಮಟೆ ಬೇಕು, ಸೆಡ್ಡು ಹೊಡೆಯುವ ಠೀವಿ ಬೇಕು, ಕೂಗಿ ಹೆಸರು ಹೇಳುವವನು ಬೇಕು. ಆಡಂಬರವಿಲ್ಲದ ಕುಸ್ತಿ ಎಂದೂ ಇರಲಿಲ್ಲ. ಆದರೆ ಗರಡಿಯಲ್ಲಿ ಪೈಲ್ವಾನನನ್ನು ಅವನ ಊರಿನಿಂದ, ಅವನ ಉಸ್ತಾದರಿಂದ ಗುರುತಿಸುತ್ತಾರೆ. ಉಸ್ತಾದರು ಕೊಟ್ಟ ಹೆಸರನ್ನು ಇನ್ನೊಬ್ಬನಿಗೆ ತೊಡಿಸಲು ಆಗುವುದಿಲ್ಲ. ಬೆಳ್ಳಿಗದೆ ಒಂದು ವರ್ಷ ಒಬ್ಬನ ಹೆಗಲ ಮೇಲೆ, ಮರುವರ್ಷ ಇನ್ನೊಬ್ಬನ ಹೆಗಲ ಮೇಲೆ ಇರಬಹುದು. ಹೆಸರು ಮಾತ್ರ ಅವನೊಂದಿಗೇ ಮನೆಗೆ ಹೋಗುತ್ತದೆ.

ಮುಂದಿನ ಸಲ ಕುಸ್ತಿ ನೋಡುವಾಗ, ಅದು ನಿಮ್ಮೂರಿನ ಕಣವಾಗಲಿ ಟಿವಿಯ ಪರದೆಯಾಗಲಿ, ಗೆದ್ದವನಾರು ಎಂದು ಕೇಳಿದ ಮೇಲೆ ಇನ್ನೂ ಎರಡು ಮಾತು ಕೇಳಿ. ಈ ಜೋಡಿ ಕಟ್ಟಿದವರು ಯಾರು? ಗೆದ್ದವನ ಹೆಸರನ್ನು ಮನೆಗೆ ಒಯ್ಯುವವರು ಯಾರು? ಮಕ್ಕಳಿಗೂ ಈ ಪ್ರಶ್ನೆಗಳನ್ನು ಕಲಿಸಿ. ಬೆವರು ಸುರಿಸಿದವನ ಹೆಸರು ಅವನಿಗೇ ಸಲ್ಲಬೇಕೆಂಬ ನ್ಯಾಯ ಕುಸ್ತಿಗೆ ಮಾತ್ರ ಸಂಬಂಧಪಟ್ಟದ್ದಲ್ಲವಷ್ಟೆ.